ಗೌರಿಯ ಮರಿಗೆ ಅಪ್ಪ ಯಾರು

ಕಾಪುವಿನ ದೀಪಸ್ತಂಭ ಕಣ್ಣಳತೆಯಲ್ಲಿರುವ, ಕಡಲ ಗಾಳಿಗೆ ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ಬಾಚಿಕೊಂಡಿರುವ ಒಂದು ಹಿತ್ತಿಲಿನಲ್ಲಿ, ಮಾಘ ಮಾಸದ ಒಂದು ಶುಕ್ರವಾರ ಬೆಳಿಗ್ಗೆ ಗೌರಿ ಹೆತ್ತಳು. ಹೆತ್ತವಳಿಗೂ ಹುಟ್ಟಿದ್ದಕ್ಕೂ ದೈವದ ದಯೆಯಿಂದ ಯಾವ ತೊಂದರೆಯೂ ಆಗಲಿಲ್ಲ. ತೊಂದರೆ ಆದದ್ದು ಹಲ್ಲುಜ್ಜುತ್ತ ನೋಡಲು ಹೋದ ಭುಜಂಗಣ್ಣನಿಗೆ.

ಗೌರಿ ಎಂದರೆ ಬಾಲಪ್ಪನ ಪೋನಿ. ಕೊಪ್ಪಳದ ಕಡೆಯಿಂದ ಬಂದ ಬಾಲಪ್ಪ, ಅವನ ಹೆಂಡತಿ ಸೋಮವ್ವ ಭುಜಂಗಣ್ಣನ ಹಿತ್ತಿಲಿನ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದರು. ಸಂಜೆಯಾದರೆ ಬಾಲಪ್ಪ ಗೌರಿಯನ್ನು ಬೀಚಿಗೆ ಹೊಡೆದುಕೊಂಡು ಹೋಗಿ, ಪ್ರವಾಸಿಗಳ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿ ಮರಳಿನಲ್ಲಿ ಒಂದು ಸುತ್ತು ಹಾಕಿಸುತ್ತಿದ್ದ. ಮನೆ ನಡೆಯುತ್ತಿದ್ದದ್ದು ಗೌರಿಯ ನಾಲ್ಕು ಕಾಲಿನ ಮೇಲೆ.

ಮರಿ ಎದ್ದು ನಿಂತಿತ್ತು. ಮೈಯೆಲ್ಲ ಒಣಹುಲ್ಲಿನ ಬಣ್ಣ. ಬೆನ್ನಿನ ಉದ್ದಕ್ಕೆ ಕಾಡಿಗೆಯಲ್ಲಿ ಎಳೆದಂಥ ಒಂದು ಕಪ್ಪು ಗೆರೆ. ಮೊಣಕಾಲಿನಿಂದ ಕೆಳಗೆ, ನಾಲ್ಕೂ ಕಾಲಿಗೆ, ಬಳೆ ತೊಡಿಸಿದ ಹಾಗೆ ಅಡ್ಡಡ್ಡ ಪಟ್ಟೆ. ಸೋಮವ್ವ ಗೋಣಿಯ ತುಂಡಿನಲ್ಲಿ ಒರೆಸುತ್ತಿದ್ದಳು. ಎಷ್ಟು ಒರೆಸಿದರೂ ಪಟ್ಟೆ ಹೋಗುತ್ತಿರಲಿಲ್ಲ.

"ಭುಜಂಗಣ್ಣಾರ, ಇದೇನ್ರಿ ಹಿಂಗ ಹುಟ್ಟೇತಿ? ನೀವು ಮಸ್ಕತ್ತಿನ್ಯಾಗ ಇಂಥಾವೆಲ್ಲಾ ಕಂಡಾವ್ರು. ನೀವ ಹೇಳ್ರಿ," ಎಂದ ಬಾಲಪ್ಪ. ಬೇಲಿಯಾಚೆ ಹಾಲಿಗೆ ಬಂದವರು, ಹೂವಿಗೆ ಬಂದವರು, ಸುಮ್ಮನೆ ಬಂದವರು, ಹೀಗೆ ಏಳೆಂಟು ಮಂದಿ ಸೇರಿದ್ದರು.

"ಗೊತ್ತಿಲ್ಲ" ಎನ್ನುವ ಮೂರಕ್ಷರ ಭುಜಂಗಣ್ಣನ ಬಾಯಿಂದ ಹೊರಟಿದ್ದರೆ ಕಥೆಗೆ ಅಲ್ಲೇ ಮಂಗಳವಾಗುತ್ತಿತ್ತು. ಆದರೆ ಆ ಮೂರಕ್ಷರವನ್ನು ಅವನು ಮೂವತ್ತು ವರ್ಷಗಳಿಂದ ಬಳಸಿರಲಿಲ್ಲ; ಅದಕ್ಕೆ ತುಕ್ಕು ಹಿಡಿದಿತ್ತು.

ಸಂಗತಿ ಇಷ್ಟು. ಭುಜಂಗಣ್ಣ ಮಸ್ಕತ್ತಿನಲ್ಲಿ ಹತ್ತೊಂಬತ್ತು ವರ್ಷ ನೀರಿನ ಟ್ಯಾಂಕರ್ ಓಡಿಸಿದವನು. ದಿನಕ್ಕೊಂದು ಸಲ ಒಬ್ಬ ಶೇಖನ ತೋಟಕ್ಕೆ ನೀರು ಇಳಿಸಬೇಕಿತ್ತು. ಆ ಶೇಖನಿಗೆ ಜೀಬ್ರಾಗಳನ್ನು ಸಾಕುವ ಹುಚ್ಚು. ಅವುಗಳನ್ನು ಕುದುರೆಗಳ ಜತೆ, ಪೋನಿಗಳ ಜತೆ ಕೂಡಿಸಿ ಎಂತ ಹುಟ್ಟುತ್ತದೆ ಎಂದು ನೋಡುವ ಇನ್ನೂ ದೊಡ್ಡ ಹುಚ್ಚು. ನೀರು ಇಳಿಯುವ ಇಪ್ಪತ್ತು ನಿಮಿಷ ಭುಜಂಗಣ್ಣ ತಂತಿಬೇಲಿಯ ಈಚೆ ನಿಂತು ನೋಡುತ್ತಿದ್ದ. ಅಷ್ಟೇ. ಮೊದಲ ರಜೆಗೆ ಊರಿಗೆ ಬಂದಾಗ ಕ್ಷೌರದಂಗಡಿಯಲ್ಲಿ ಯಾರೋ ಕೆಲಸ ಎಂತ ಎಂದು ಕೇಳಿದರು. "ಜೀಬ್ರಾಗಳಿಗೆ ನೀರು ಕೊಡುವುದು," ಎಂದ. ಅದರಲ್ಲಿ ಎಳ್ಳಿನಷ್ಟೂ ಸುಳ್ಳಿಲ್ಲ. ನೀರು ಅವನೇ ಕೊಟ್ಟದ್ದು, ಕುಡಿದದ್ದು ಜೀಬ್ರಾಗಳೇ.

ಮುಂದಿನದ್ದನ್ನೆಲ್ಲ ಕಟ್ಟಿದ್ದು ಊರು. ಎರಡನೆಯ ರಜೆಗೆ ಬರುವಷ್ಟರಲ್ಲಿ ಅವನು ಜೀಬ್ರಾಗಳಿಗೆ ಮೇವನ್ನೂ ಹಾಕುತ್ತಿದ್ದ. ಮೂರನೆಯದಕ್ಕೆ ಅವುಗಳ ಹೆರಿಗೆ ಮಾಡಿಸುತ್ತಿದ್ದ. ಐದನೆಯದಕ್ಕೆ, ಭುಜಂಗಣ್ಣನನ್ನು ಒಂದು ಮಾತು ಕೇಳದೆ ಶೇಖನು ಯಾವ ಜೀಬ್ರಾವನ್ನೂ ಕುದುರೆ ಲಾಯಕ್ಕೆ ಬಿಡುತ್ತಿರಲಿಲ್ಲ. ಭುಜಂಗಣ್ಣ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ; ಚಾ ಕುಡಿಯುತ್ತ ಮುಗುಳ್ನಕ್ಕ. ಮೌನಕ್ಕೆ ಋಷಿಗಳು ಕೊಟ್ಟ ಬೆಲೆ ದೊಡ್ಡದು. ಕಾಪುವಿನವರು ಅದಕ್ಕಿಂತಲೂ ಹೆಚ್ಚು ಕೊಟ್ಟರು. ಊರಿಗೆ ಮರಳಿ ನೆಲೆಸಿದ ಮೇಲೆ ಅವನು 'ಜೀಬ್ರಾ ಭುಜಂಗಣ್ಣ'ನೇ ಆಗಿಹೋದ. ಯಾರ ಮನೆಯ ಕರು ಹಾಲು ಕುಡಿಯದಿದ್ದರೂ ಅವನಿಗೆ ಕರೆ.

ಹಾಗಾಗಿ ಆ ಬೆಳಿಗ್ಗೆ ಭುಜಂಗಣ್ಣ ಹಲ್ಲುಪುಡಿಯನ್ನು ಉಗಿದು, ಮರಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದು ಝೋನಿ," ಎಂದ.

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದಲೇ ಎಲ್ಲರಿಗೂ ನಂಬಿಕೆ ಬಂತು. ಭುಜಂಗಣ್ಣ ಬೆರಳು ಮಡಚುತ್ತ ವಿವರಿಸಿದ: ಅಪ್ಪ ಜೀಬ್ರಾ, ಅಮ್ಮ ಕುದುರೆ ಆದರೆ ಝೋರ್ಸ್. ಅಮ್ಮ ಪೋನಿ ಆದರೆ ಝೋನಿ. ಅಪ್ಪ ಕುದುರೆ, ಅಮ್ಮ ಜೀಬ್ರಾ ಆದರೆ ಹೀಬ್ರಾ. ಇವುಗಳಿಗೆ ಮುಂದೆ ಸಂತಾನ ಆಗುವುದು ಇಲ್ಲವೆಂಬಷ್ಟು ಕಡಿಮೆ, ಹೇಸರಗತ್ತೆಯ ಹಾಗೆ. ಇಷ್ಟನ್ನು ಅವನು ಹಿಂದೊಮ್ಮೆ ಫೋನಿನಲ್ಲಿ ಓದಿದ್ದ.

ಗೌರಿ ಜೀಬ್ರಾವನ್ನು ಕಂಡದ್ದೇ ಇಲ್ಲವಲ್ಲ ಎಂದು ಬಾಲಪ್ಪ ತಲೆ ಕೆರೆದುಕೊಂಡ. ಅವಳನ್ನು ಎಲ್ಲಿ, ಯಾವಾಗ ಕೊಂಡದ್ದು ಎಂದು ಭುಜಂಗಣ್ಣ ಕೇಳಿದ. ಹತ್ತು ತಿಂಗಳ ಹಿಂದೆ, ಬಿಜಾಪುರದ ಕಡೆಯ ಸಂತೆಯಲ್ಲಿ. ಮಾರಿದವನು ಹೈದರಾಬಾದಿನ ಯಾರೋ ಶ್ರೀಮಂತರ ತೋಟದಲ್ಲಿ ಮೇಯ್ದ ಕುದುರೆ ಎಂದಿದ್ದ. ಭುಜಂಗಣ್ಣ ನೆರೆದವರ ಮುಖ ನೋಡಿ ಎರಡೂ ಕೈ ಅಗಲಿಸಿದ. ಶ್ರೀಮಂತರ ತೋಟ ಎಂದ ಮೇಲೆ ಕೇಳುವುದೆಂತ? ಮಸ್ಕತ್ತಿನಲ್ಲೂ ಹಾಗೇ. ಕುದುರೆಯ ಬಸಿರಿಗೆ ಹನ್ನೊಂದು ತಿಂಗಳು. ಲೆಕ್ಕ ಸರಿಯಾಯಿತು.

ಲೆಕ್ಕ ಸರಿಯಾಗದವಳು ಸೋಮವ್ವ ಒಬ್ಬಳೇ. ಅವಳು ಗೋಣಿಯನ್ನು ಕೆಳಗೆ ಹಾಕಿ ಎದ್ದು ನಿಂತಳು. "ಯಣ್ಣಾ, ನಮ್ಮ ಗೌರಿ ಅಂಥಾಕಿ ಅಲ್ಲ," ಎಂದಳು. "ಅಕಿ ತಲಿ ಎತ್ತಿ ಒಂದ ಗಂಡು ಕುದರಿ ಮುಖಾ ನೋಡಿಲ್ಲ. ಹಡದ ಮೂರು ತಾಸಾಗಿಲ್ಲ, ಬಾಣಂತಿ ಮುಂದ ನಿಂತು ಏನ ಮಾತಾಡ್ತಿ?"

ಒಂದೇ ಉಸಿರಿನಲ್ಲಿ ತಾಯಿಯನ್ನು ನಡತೆಗೆಟ್ಟವಳೆಂದೂ ಮಗುವನ್ನು ಬಂಜೆಯೆಂದೂ ಹೇಳಿದ ಮನುಷ್ಯನನ್ನು ಅವಳು ಅಂದಿನಿಂದ ಮುಖವೆತ್ತಿ ನೋಡಲಿಲ್ಲ. ಭುಜಂಗಣ್ಣನ ಹೆಂಡತಿ ಸುಗಂಧಿಯೂ ಗೌರಿಯ ಪಕ್ಷಕ್ಕೇ ಸೇರಿದಳು. ಆ ದಿನ ಮಧ್ಯಾಹ್ನ ಗೌರಿಗೆ ಬೆಲ್ಲ ಹಾಕಿದ ಗಂಜಿ ಹೋಯಿತು. ಭುಜಂಗಣ್ಣನಿಗೆ ಬಂದದ್ದು ಬರಿಯ ಗಂಜಿ.

ಬೀಚಿನಲ್ಲಿ ಶರಬತ್ತಿನ ಅಂಗಡಿ ಇಟ್ಟಿದ್ದ ಆಲ್ಫೋನ್ಸ್ ಮರಿಯ ವೀಡಿಯೊ ತೆಗೆದು, ಮೇಲೆ 'ಕಾಪುವಿನಲ್ಲಿ ಝೋನಿ ಜನನ' ಎಂದು ಬರೆದು ಊರಿನ ಫೋನುಗಳಿಗೆಲ್ಲ ಹಂಚಿದ. ಮೂರನೆಯ ದಿನಕ್ಕೆ ಹೆಜಮಾಡಿಯಿಂದ ರಿಕ್ಷಾಗಳು ಬಂದವು. ಮಟ್ಟುವಿನಿಂದ ಒಬ್ಬರು ಬುಟ್ಟಿ ತುಂಬ ಗುಳ್ಳ ಬದನೆ ತಂದು ಮರಿಯ ಮುಂದೆ ಇಟ್ಟು ಕೈ ಮುಗಿದು ಹೋದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಭುಜಂಗಣ್ಣ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬೇಲಿಬಾಗಿಲ ದಣಪೆಯ ಬಳಿ ಕುರ್ಚಿ ಹಾಕಿಕೊಂಡು ಝೋರ್ಸ್, ಝೋನಿ, ಹೀಬ್ರಾಗಳ ಸಂಬಂಧವನ್ನು ಬಂದವರಿಗೆಲ್ಲ ಬಿಡಿಸಿ ಹೇಳಿದ. ಆ ನಾಲ್ಕು ದಿನ ಅವನಷ್ಟು ಸುಖಿ ಉಡುಪಿ ಜಿಲ್ಲೆಯಲ್ಲಿ ಇರಲಿಲ್ಲ.

ಏಳನೆಯ ದಿನ, ಗುರುವಾರ, ಅರಣ್ಯ ಇಲಾಖೆಯ ಜೀಪು ಬಂತು.

ಇಳಿದವಳು ಅಶ್ವಿನಿ ಎಂಬ ಅಧಿಕಾರಿ. ಹಾವೇರಿ ಕಡೆಯವಳು, ಸಣ್ಣ ಪ್ರಾಯ, ಮೃದು ಮಾತು, ಕೈಯಲ್ಲಿ ದಪ್ಪ ಫೈಲು. ಮರಿಯನ್ನು ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಇದು ಜೀಬ್ರಾ ತಳಿ ಎಂದು ಹೇಳಿದ್ದು ಯಾರು ಎಂದು ಕೇಳಿದಳು. ಒಂದು ಮದುವೆ ಪಂಕ್ತಿಗಾಗುವಷ್ಟು ಬೆರಳುಗಳು ಒಟ್ಟಿಗೆ ಭುಜಂಗಣ್ಣನ ಕಡೆಗೆ ತಿರುಗಿದವು. ಎಲ್ಲ ಬೆರಳುಗಳಲ್ಲೂ ಹೆಮ್ಮೆ ಇತ್ತು.

ಅವಳು ವಿಷಯ ತಿಳಿಸಿದಳು. ಹೊರದೇಶದ ಕಾಡುಪ್ರಾಣಿಯ ರಕ್ತ ಇರುವುದು ಹೌದಾದರೆ ಅದು ಎಲ್ಲಿಂದ ಬಂತು, ಯಾರು ತಂದರು ಎಂಬುದಕ್ಕೆ ಕಾಗದ ಬೇಕು. ಕಾಗದ ಇಲ್ಲದಿದ್ದರೆ ವಿಚಾರಣೆ ಮುಗಿಯುವ ತನಕ ತಾಯಿ ಮರಿ ಎರಡನ್ನೂ ಇಲಾಖೆಯವರು ಒಯ್ದು ಇಟ್ಟುಕೊಳ್ಳಬೇಕಾಗುತ್ತದೆ. ವಿಚಾರಣೆ ಎಷ್ಟು ದಿನ ಎಂದು ಬಾಲಪ್ಪ ಕೇಳಿದ. ಅದು ಹೇಳಲಿಕ್ಕೆ ಬರುವುದಿಲ್ಲ ಎಂದಳು. ಸೋಮವ್ವ ಹೋಗಿ ಗೌರಿಯ ಕೊರಳ ಹಗ್ಗ ಹಿಡಿದುಕೊಂಡಳು. ಗೌರಿ ಹೋದರೆ ಅವರ ಒಲೆ ಹೋದ ಹಾಗೆ.

ಭುಜಂಗಣ್ಣ ಗಂಟಲು ಸರಿ ಮಾಡಿಕೊಂಡು, ಝೋನಿ ಇರಲೂಬಹುದು, ಇಲ್ಲದೆಯೂ ಇರಬಹುದು ಎಂದು ಶುರು ಮಾಡಿದ. ಅಷ್ಟರಲ್ಲಿ ಆಲ್ಫೋನ್ಸ್ ಮುಂದೆ ಬಂದು, ಅವರದ್ದು ದೊಡ್ಡವರ ವಿನಯ ಮೇಡಂ, ಹತ್ತೊಂಬತ್ತು ವರ್ಷ ಶೇಖನ ತೋಟದಲ್ಲಿ ಇದನ್ನೇ ಮಾಡಿದವರು ಎಂದು ವಿವರಿಸಿದ. ಅಶ್ವಿನಿ ಅದನ್ನು ಬರೆದುಕೊಂಡಳು: ಜೀಬ್ರಾ ಮತ್ತು ಕುದುರೆಗಳ ಮಿಶ್ರತಳಿ ಕಾರ್ಯದಲ್ಲಿ ಹತ್ತೊಂಬತ್ತು ವರ್ಷಗಳ ಅನುಭವ. ಕೆಳಗೆ ರುಜು ಹಾಕಿರಿ ಎಂದಳು. ಇಡೀ ಕಾಪು ನೋಡುತ್ತಿತ್ತು. ಭುಜಂಗಣ್ಣ ಹಾಕಿದ ರುಜು ನೆಟ್ಟಗೆ ಬರಲಿಲ್ಲ. ಕಾಗದದ ಮೂಲೆಯ ಕಡೆಗೆ ಓಡಿತು.

ಆಗ ಸುಗಂಧಿ ಸೆರಗು ಸಿಕ್ಕಿಸಿ ಮುಂದೆ ಬಂದಳು.

"ಮೇಡಂ, ನಮ್ಮಲ್ಲಿ ಮಕ್ಕಳಿಗೆ ಬಳಿ ಬರುವುದು ತಾಯಿಯಿಂದ. ಬಳಿ ಅಂದರೆ ಕುಲ. ಇವರ ಬಳಿ ಬೇರೆ, ನನ್ನ ಬಳಿ ಬೇರೆ, ಮಕ್ಕಳದ್ದು ನನ್ನ ಬಳಿ. ಗೌರಿ ಪೋನಿ, ಮರಿ ಗೌರಿಯದ್ದು. ಅಪ್ಪ ಜೀಬ್ರಾ ಆಗಲಿ ಜಿರಾಫೆ ಆಗಲಿ, ಮರಿ ಪೋನಿಯೇ. ಹಾಗಂತ ಬರೆದುಕೊಂಡು ಚಾ ಕುಡಿದು ಹೋಗಿ."

ನೆರೆದ ಹಿರಿಯರು ತಲೆದೂಗಿದರು. ಇಷ್ಟು ಸರಳ ಸಂಗತಿಗೆ ಜೀಪಿನಲ್ಲಿ ಬರಬೇಕಿತ್ತಾ ಎಂದು ಒಬ್ಬರು ಕೇಳಿದರು. ಅಶ್ವಿನಿಗೆ ಇದು ಹೊಸತು. ಅವಳು ಪೆನ್ನು ಕೆಳಗಿಟ್ಟು, "ನಮ್ಮ ಕಡೆ ಹಂಗಿಲ್ರಿ ಅಕ್ಕಾರ. ಅಪ್ಪನ ಮನೆತನಾನ ಮಕ್ಕಳಿಗೆ," ಎಂದಳು.

ತನ್ನ ಸೀಮೆಯ ಮಾತು ಕಿವಿಗೆ ಬಿದ್ದದ್ದೇ ತಡ, ಬಾಲಪ್ಪನ ಎದೆ ಅರಳಿತು. "ಖರೇ ಅದರಿ ಮೇಡಂ," ಎಂದ. "ಅಪ್ಪಂದ ಬಿಟ್ಟು ಅವ್ವಂದು ನೋಡ್ತಾರೇನ್ರಿ ಎಲ್ಲ್ಯಾರ? ಬೀಜ ಅಪ್ಪಂದು. ಅಪ್ಪ ಜೀಬ್ರಾ ಅಂದ್ರ ಮಗನೂ ಜೀಬ್ರಾನ."

ಊರಿನವರು ಒಪ್ಪಲಿಲ್ಲ. ಬಾಲಪ್ಪ ಬಿಡಲಿಲ್ಲ. ನೆಲ ಯಾರದೋ ಬೆಳೆ ಅವರದು ಎಂದು ಇವರು, ಬೀಜದ ಹೆಸರಿನಲ್ಲೇ ಬೆಳೆಯನ್ನು ಕರೆಯುವುದು ಎಂದು ಅವನು. ಕೊಪ್ಪಳದ ಮಾನ ಕಾಯುವ ಭರದಲ್ಲಿ ತಾನು ಕಾಯಬೇಕಾದದ್ದು ಕುದುರೆಯನ್ನು ಎಂಬುದು ಅವನಿಗೆ ಮರೆತೇ ಹೋಗಿತ್ತು. ಸೋಮವ್ವ ಹಿಂದಿನಿಂದ ಬಂದು ತೋಳಿಗೆ ಚಿವುಟಿದಾಗಷ್ಟೇ ನೆನಪಾಯಿತು. ಅಷ್ಟರಲ್ಲಿ ಅಶ್ವಿನಿ ಎರಡೂ ಪಕ್ಷವನ್ನು ಬರೆದುಕೊಂಡು, ಕಾನೂನಿನಲ್ಲಿ ಬಳಿಗೆ ಜಾಗ ಇಲ್ಲ ಎಂದು ಬೇಸರದಿಂದಲೇ ಹೇಳಿ, ಮುಂದಿನ ಗುರುವಾರ ಗಾಡಿ ತರುವುದಾಗಿಯೂ ಅದರೊಳಗೆ ತಿಳಿದವರ ಬೇರೆ ಅಭಿಪ್ರಾಯ ಇದ್ದರೆ ತರಬಹುದೆಂದೂ ತಿಳಿಸಿ ಹೋದಳು.

ಅಂದಿನಿಂದ ಭುಜಂಗಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ. ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ದಣಪೆಗೆ. ಬಟ್ಟಲಿಗೆ ಅನ್ನ ಹಾಕಿಸಿಕೊಂಡು ಎದ್ದು ಹೋದ. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ. ಹಿತ್ತಿಲಿನಲ್ಲಿ ಸೋಮವ್ವ ಮರಿಯ ಕಾಲನ್ನು ಬಿಸಿನೀರಿನಲ್ಲಿ ತಿಕ್ಕುವ ಸದ್ದು ಕೇಳಿದರೆ ಸ್ಕೂಟರಿನ ಕೀಲಿ ಹುಡುಕುತ್ತಿದ್ದ.

ಶನಿವಾರ ಮಣಿಪಾಲಕ್ಕೆ ಹೋದ. ಅಲ್ಲಿ ಅವನ ತಂಗಿಯ ಮಗಳು ಪ್ರಣೀತಾ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ರಕ್ತವೋ ಕೂದಲೋ ಕೊಟ್ಟರೆ ಅಪ್ಪ ಯಾರೆಂದು ತಿಳಿಯುತ್ತದಂತೆ, ಬುಧವಾರದೊಳಗೆ ಆಗುತ್ತದಾ ಎಂದು ಕೇಳಿದ. ಅದಕ್ಕೆ ವಾರಗಟ್ಟಲೆ ಬೇಕು, ಇಲ್ಲಿ ಮಾಡುವುದೂ ಇಲ್ಲ ಎಂದಳು ಅವಳು. ಆಮೇಲೆ ನಕ್ಕು ಹೇಳಿದಳು: "ಮಾವ, ನಿಮಗೆ ಟೆಸ್ಟ್ ಎಂತಕ್ಕೆ? ಜೀಬ್ರಾ ಕೂಗುವುದು ಕುದುರೆಯ ಹಾಗೆ ಅಲ್ವಂತೆ. ನೀವು ಅಷ್ಟು ವರ್ಷ ಕೇಳಿದ್ದೀರಲ್ಲ. ಹೇಗೆ ಕೂಗ್ತದೆ ಅಂತ ಒಮ್ಮೆ ಕೂಗಿ ತೋರಿಸಿ, ಮರಿ ಹಾಗೆ ಕೂಗ್ತದಾ ನೋಡಿದರೆ ಆಯ್ತು."

ಭುಜಂಗಣ್ಣ ನಿಂತ ಹತ್ತೊಂಬತ್ತು ವರ್ಷವೂ ಆ ಬೇಲಿಯ ಬಳಿ ಟ್ಯಾಂಕರಿನ ಪಂಪು ಓಡುತ್ತಲೇ ಇತ್ತು. ಆ ಸದ್ದಿನಲ್ಲಿ ಜೀಬ್ರಾ ಕೂಗಿದ್ದನ್ನು ಅವನು ಒಂದು ದಿನವೂ ಕೇಳಿರಲಿಲ್ಲ. "ಅದು ಸಂದರ್ಭ ನೋಡಿ ಕೂಗ್ತದೆ," ಎಂದು ಹೇಳಿ ಸ್ಕೂಟರ್ ತಿರುಗಿಸಿದ.

ಸೋಮವಾರ ಕಾರ್ಕಳಕ್ಕೆ ಹೋದ. ಗೊಮ್ಮಟಬೆಟ್ಟದ ತಪ್ಪಲಿನಲ್ಲಿ ಎಡ್ಮಂಡ್ ಡಾಕ್ಟರು ಇದ್ದರು. ಸೇನೆಯ ಕುದುರೆಗಳಿಗೆ ಮೂವತ್ತು ವರ್ಷ ಮದ್ದು ಮಾಡಿ ನಿವೃತ್ತರಾದವರು. ಈಗ ಅವರ ಮೊಣಕಾಲಿಗೇ ಮದ್ದು ಸಿಗದೆ ಆರಾಮಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಫೋನಿನಲ್ಲಿ ಮರಿಯ ಫೋಟೋಗಳನ್ನು ಹಿಗ್ಗಿಸಿ ನೋಡಿ ಅವರು ಅದನ್ನು ಬದಿಗಿಟ್ಟರು. ಇದರಲ್ಲಿ ಎಂತದೂ ಇಲ್ಲ ಮಾರಾಯ, ಈ ಬಣ್ಣದ ಎಷ್ಟೋ ಮರಿಗಳು ಹೀಗೇ ಹುಟ್ಟುತ್ತವೆ, ಮೊದಲ ಕೂದಲು ಉದುರುವಾಗ ಕೆಲವಕ್ಕೆ ಪಟ್ಟೆ ಹೋಗುತ್ತದೆ, ಕೆಲವಕ್ಕೆ ಉಳಿಯುತ್ತದೆ. ಜೀಬ್ರಾದ ಮರಿಯಾಗಿದ್ದರೆ ಕತ್ತು ಹೊಟ್ಟೆಗೆಲ್ಲ ಗೆರೆ ಇರುತ್ತಿತ್ತು ಎಂದರು.

ಭುಜಂಗಣ್ಣನಿಗೆ ನಾಲ್ಕು ದಿನದ ಮೇಲೆ ಉಸಿರು ಬಂತು. ಅದನ್ನೇ ಒಂದು ಕಾಗದದಲ್ಲಿ ಬರೆದು ಕೊಡಿ ಎಂದ.

"ಬರೆಯಬಹುದು," ಎಂದರು ಡಾಕ್ಟರು. "ಆದರೆ ಅವರ ಫೈಲಿನಲ್ಲಿ ನಿನ್ನ ಮಾತು ಮೊದಲೇ ಕೂತಿದೆ. ಹತ್ತೊಂಬತ್ತು ವರ್ಷ ಜೀಬ್ರಾ ಸಾಕಿದವನು ಹೌದು ಅಂದಿದ್ದಾನೆ. ನಾನು ಹುಟ್ಟಿದ ಮೇಲೆ ಜೀವಂತ ಜೀಬ್ರಾ ನೋಡಿದವನಲ್ಲ. ನಾನು ಅಲ್ಲ ಅಂತ ಬರೆದರೆ ಇಬ್ಬರಲ್ಲಿ ಯಾರು ಸರಿ ಅಂತ ನೋಡಲು ಸಮಿತಿ ಕೂರ್ತದೆ. ಸಮಿತಿ ಕೂತರೆ ಏಳುವುದು ಯಾವಾಗ? ಮೊದಲು ನಿನ್ನದನ್ನು ಹಿಂದೆ ತೆಗೆ. ನಿನಗೆ ತಪ್ಪಿತು ಅಂತ ಹೇಳು, ಮತ್ತೆ ನನಗೊಂದು ಫೋನ್ ಮಾಡು. ಅಷ್ಟೇ ಅಲ್ವಾ?"

ಅಷ್ಟೇ. ಕಾರ್ಕಳದಿಂದ ಕಾಪುವಿನ ತನಕ ಭುಜಂಗಣ್ಣ ಆ 'ಅಷ್ಟೇ'ಯನ್ನು ಹೊತ್ತುಕೊಂಡು ಬಂದ. ಸ್ಕೂಟರ್ ಯಾವ ಗುಂಡಿಯನ್ನೂ ತಪ್ಪಿಸಲಿಲ್ಲ.

ದಾರಿಯಲ್ಲೇ ಒಂದು ಉಪಾಯ ಹೊಳೆಯಿತು: ತಪ್ಪನ್ನು ಒಮ್ಮೆಗೇ ಒಪ್ಪುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಒಪ್ಪಿದರೆ ಊರಿಗೆ ಗೊತ್ತಾಗಲಿಕ್ಕಿಲ್ಲ. ಮಂಗಳವಾರ ಕ್ಷೌರದಂಗಡಿಗೆ ಹೋಗಿ, ನನಗೂ ಕೆಲವೊಮ್ಮೆ ತಪ್ಪುವುದುಂಟು ಎಂದ. ಕ್ಷೌರಿಕ ಕತ್ತರಿ ನಿಲ್ಲಿಸಿ, ಇಂಥ ಮಾತು ಕಲಿತವರ ಬಾಯಲ್ಲಿ ಮಾತ್ರ ಬರುವುದು ಎಂದ. ಆಲ್ಫೋನ್ಸನ ಅಂಗಡಿಯಲ್ಲಿ, ಜೀಬ್ರಾಗಳ ಜತೆ ನನಗೆ ಅಷ್ಟೇನೂ ಬಳಕೆ ಇರಲಿಲ್ಲ ಎಂದ. ನಿಮ್ಮ ಕೈಕೆಳಗಿನವರು ನೋಡಿಕೊಳ್ಳುತ್ತಿದ್ದರು ಅಲ್ವಾ ಎಂದ ಆಲ್ಫೋನ್ಸ್. ಮೀನು ಮಾರುಕಟ್ಟೆಯಲ್ಲಿ ಬೆನೆಡಿಕ್ಟಾ ಬಾಯಿ ಬಂಗುಡೆ ತೂಗುತ್ತ, ಸರಕಾರದವರು ಹೆದರಿಸಿದರೂ ಭುಜಂಗಣ್ಣ ಒಂದೇ ಮಾತಿನ ಮನುಷ್ಯ ಎಂದು ಗಿರಾಕಿಗಳಿಗೆಲ್ಲ ಸಾರಿದಳು. ಬುಧವಾರ ಸಂಜೆಯ ಹೊತ್ತಿಗೆ ಅವನ ಕೀರ್ತಿ ದೀಪಸ್ತಂಭಕ್ಕಿಂತ ಒಂದು ಮೊಳ ಎತ್ತರವಾಗಿತ್ತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಜೀಪು ಬಂತು. ಹಿಂದೆ, ಹಲಗೆಯ ಇಳಿಜಾರು ಕಟ್ಟಿದ ಒಂದು ಗಾಡಿ.

ಸೋಮವ್ವ ಗೌರಿಯ ಹಣೆಗೆ ಕುಂಕುಮ ಹಚ್ಚಿ, ಕೊರಳಿಗೆ ತನ್ನದೇ ಹಳೆಯ ಸೀರೆಯ ಅಂಚು ಕಟ್ಟಿದ್ದಳು. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ. ಬಾಲಪ್ಪ ಎರಡು ಹೊರೆ ಹಸಿಹುಲ್ಲು ತಂದು ಗಾಡಿಯೊಳಗೆ ಇಟ್ಟ. ಒಯ್ಯುವವರು ಕೊಡುತ್ತಾರೋ ಇಲ್ಲವೋ, ದಾರಿಯಲ್ಲಿ ಹಸಿವಾದರೆ ಇರಲಿ ಎಂದು. ಹುಲ್ಲು ಇಟ್ಟು ಬಂದು ಅವನು ಭುಜಂಗಣ್ಣನ ಕಡೆ ತಿರುಗಿ, "ನಿಮ್ದೇನೂ ತಪ್ಪಿಲ್ಲ ಬಿಡ್ರಿ ಅಣ್ಣಾರ. ನೀವು ಕಂಡದ್ದು ಹೇಳೀರಿ," ಎಂದ.

ಬೈದಿದ್ದರೆ ಭುಜಂಗಣ್ಣ ತಾಳಿಕೊಳ್ಳುತ್ತಿದ್ದ.

"ನಾನು ಕಂಡದ್ದು ಬೇಲಿ," ಎಂದ. "ನಾನು ಜೀಬ್ರಾ ಸಾಕಿದವನಲ್ಲ. ನೀರಿನ ಟ್ಯಾಂಕರ್ ಓಡಿಸಿದವನು. ಬೇಲಿಯ ಈಚೆ ನಿಂತು ನೋಡಿದ್ದು, ಮತ್ತೆಂತ ಇಲ್ಲ. ಈ ಮರಿ ಝೋನಿಯೋ ಪೋನಿಯೋ ನನಗೆ ಗೊತ್ತಿಲ್ಲ."

ಊರು ಒಟ್ಟಾಗಿ ಅದನ್ನು ತಳ್ಳಿಹಾಕಿತು. ಬಡವರ ಒಲೆ ಉಳಿಸಲು ತನ್ನ ಹೆಸರನ್ನೇ ಬಲಿ ಕೊಡುತ್ತಿದ್ದಾನೆ ಎಂದು ಕ್ಷೌರಿಕ ಕಣ್ಣೊರೆಸಿಕೊಂಡ. ಇಂಥ ಸುಳ್ಳು ಹೇಳಬೇಡಿ ಭುಜಂಗಣ್ಣ, ಬೇರೆ ದಾರಿ ನೋಡುವ ಎಂದು ಆಲ್ಫೋನ್ಸ್ ಭುಜ ಹಿಡಿದ. ಅಶ್ವಿನಿ ಫೈಲಿನಿಂದ ತಲೆಯೆತ್ತಿ, ಹೋದ ವಾರ ರುಜು ಹಾಕಿ ಹೌದೆಂದಿರಿ, ಈ ವಾರ ಅಲ್ಲ ಎನ್ನುತ್ತೀರಿ, ಎರಡರಲ್ಲಿ ಸುಳ್ಳು ಯಾವುದು ಎಂದು ನನಗೆ ಹೇಗೆ ತಿಳಿಯಬೇಕು ಎಂದಳು. ನ್ಯಾಯವಾದ ಪ್ರಶ್ನೆ.

ಆಗ ಹಿರಿಯರೊಬ್ಬರು, ದೈವದ ಎದುರು ಹೇಳಲಿ ಎಂದರು.

ಹಿತ್ತಿಲಿನ ಮೂಲೆಯಲ್ಲಿ ಪಂಜುರ್ಲಿಯ ಗುಡಿ ಇತ್ತು. ಆಳೆತ್ತರದ್ದು, ಒಳಗೊಂದು ದೀಪ. ಶೇಖನಿಗೆ, ಬ್ಯಾಂಕಿಗೆ, ಬೀಗರಿಗೆ ಏನು ಹೇಳಿದರೂ ನಡೆಯುತ್ತದೆ. ಆ ಗುಡಿಯ ಎದುರು ಒದ್ದೆ ಬಟ್ಟೆಯಲ್ಲಿ ನಿಂತು ಇಲ್ಲದ್ದನ್ನು ಹೇಳಿದವರು ಆ ಕುಟುಂಬದಲ್ಲಿ ಇಲ್ಲ. ಭುಜಂಗಣ್ಣ ಇಸ್ತ್ರಿ ಹಾಕಿದ ಅಂಗಿಯಲ್ಲೇ ಬಾವಿಕಟ್ಟೆಗೆ ಹೋಗಿ ಮೂರು ಕೊಡ ನೀರು ಸುರಿದುಕೊಂಡು ಬಂದು ನಿಂತ. ಕೈ ಮುಗಿದು, ಕಣ್ಣು ಮುಚ್ಚಿ, ಟ್ಯಾಂಕರಿನ ನಂಬರನ್ನು ಹೇಳಿದ. ಶೇಖನ ಮುಖವನ್ನು ಒಂದು ಸಲವೂ ನೋಡಿಲ್ಲ ಎಂದ. ಜೀಬ್ರಾವನ್ನು ಮುಟ್ಟಿಲ್ಲ, ಅದರ ಕೂಗು ಕೇಳಿಲ್ಲ ಎಂದ. ಬಾಗಿಲು ಒಮ್ಮೆ ತೆರೆದ ಮೇಲೆ ಒಳಗಿದ್ದದ್ದೆಲ್ಲ ಹೊರಟಿತು. ಶೇಖನು ಕೊಟ್ಟದ್ದೆಂದು ತೋರಿಸುತ್ತಿದ್ದ ಕೈಗಡಿಯಾರ ಬಸ್ಸಿನಲ್ಲಿ ಸಿಕ್ಕಿದ್ದು. ಸುಗಂಧಿಗೆ ತಂದ ಅರಬ್ಬೀ ಅತ್ತರು ಮಂಗಳೂರಿನ ಹಂಪನಕಟ್ಟೆಯದ್ದು. ಸೋದರಮಾವ ತೀರಿಕೊಂಡಾಗ ಉತ್ತರಕ್ರಿಯೆಯ ಬೊಜ್ಜಕ್ಕೆ ಬರಲಿಲ್ಲವಲ್ಲ, ಆಗ ರಜೆ ಇತ್ತು. ಆಲ್ಫೋನ್ಸನ ಮಗಳ ಮದುವೆಯ ದಿನ ಜ್ವರ ಇರಲಿಲ್ಲ.

ಜನ ಮೊದಲು ಖುಷಿಯಿಂದ ಕೇಳಿದರು. ಆಮೇಲೆ ಅವನು ಹೀಗೇ ಮುಂದುವರಿದರೆ ತಮ್ಮ ತಮ್ಮ ಸಂಗತಿಗಳಿಗೂ ಬರಬಹುದೆಂದು ಒಬ್ಬೊಬ್ಬರೇ ಕಾಲು ಬದಲಿಸತೊಡಗಿದರು.

"ಸಾಕು," ಎಂದಳು ಸುಗಂಧಿ. "ಕುದುರೆಯದ್ದು ಮಾತ್ರ ಹೇಳಿ."

ಊರು ನಂಬಿತು. ಅಶ್ವಿನಿಯೂ ಗುಡಿಗೆ ಕೈ ಮುಗಿದಳು. ಮುಗಿದ ಮೇಲೆ ಸಂಕೋಚದಿಂದ ಹೇಳಿದಳು: "ನಾ ನಂಬೇನ್ರಿ. ಆದರ ಫೈಲ್ ನಂಬಂಗಿಲ್ಲ. ಅದಕ್ಕ ಒಂದ ಕಾಗದ ಬೇಕು."

ಭುಜಂಗಣ್ಣನ ಬಳಿ ಕಾಗದ ಎಲ್ಲಿಯದು? ಮಸ್ಕತ್ತಿನ ಕೆಲಸದ ಕಾರ್ಡನ್ನು ಅವನು ಮೊದಲ ರಜೆಯಲ್ಲೇ ಕಳೆದುಕೊಂಡಿದ್ದ. ಕಳೆದುಕೊಂಡದ್ದಕ್ಕೆ ಒಳಗೊಳಗೇ ನೆಮ್ಮದಿಯನ್ನೂ ಪಟ್ಟಿದ್ದ. ಅದರಲ್ಲಿ ಕೆಲಸ ಎಂತದೆಂದು ಎರಡು ಭಾಷೆಯಲ್ಲಿ ಅಚ್ಚಾಗಿತ್ತು.

ಸುಗಂಧಿ ಒಳಗೆ ಹೋದಳು. ಕಪಾಟಿನ ಬಾಗಿಲು ಕಿರುಗುಟ್ಟಿತು. ಅವಳು ಹೊರಗೆ ಬಂದಾಗ ಕೈಯಲ್ಲಿ ಧಾರೆಸೀರೆಯ ಮಡಿಕೆಯಿಂದ ತೆಗೆದ ಒಂದು ಹಳದಿ ಬಣ್ಣಕ್ಕೆ ತಿರುಗಿದ ಕಾರ್ಡು ಇತ್ತು. ಮೂಲೆಯಲ್ಲಿ ದಪ್ಪ ಮೀಸೆಯ ಭುಜಂಗಣ್ಣ. ಅಶ್ವಿನಿ ಅದನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದಳು: ಉದ್ಯೋಗ, ನೀರಿನ ಟ್ಯಾಂಕರ್ ಚಾಲಕ.

ಮುಂದಿನದ್ದು ಬೇಗ ಮುಗಿಯಿತು. ಕಾರ್ಕಳಕ್ಕೆ ಫೋನು ಹೋಯಿತು, ಎಡ್ಮಂಡ್ ಡಾಕ್ಟರು ಹೇಳಬೇಕಾದದ್ದನ್ನು ಹೇಳಿದರು, ಬರೆದು ಕಳಿಸುತ್ತೇನೆಂದರು. ಅಶ್ವಿನಿ ಹತ್ತೊಂಬತ್ತು ವರ್ಷದ ಅನುಭವದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಕೆಳಗೆ 'ಪೋನಿ ಮರಿ'ಯೆಂದು ಬರೆದಳು. ತಾಯಿಯ ಕುಲ ಗೆದ್ದಿತೆಂದು ಊರು, ತಂದೆಯೂ ಕುದುರೆಯೇ ಎಂದ ಮೇಲೆ ತಂದೆಯ ಕುಲ ಗೆದ್ದಿತೆಂದು ಬಾಲಪ್ಪ, ಇಬ್ಬರೂ ತೃಪ್ತರಾದರು. ಗಾಡಿ ಖಾಲಿಯಾಗಿ ತಿರುಗಿತು. ಬಾಲಪ್ಪ ಓಡಿಹೋಗಿ ಎರಡು ಹೊರೆ ಹುಲ್ಲನ್ನು ಇಳಿಸಿಕೊಂಡ. ಸೋಮವ್ವ ಒಂದು ಒಣ ಟವೆಲು ತಂದು, ಹದಿನಾಲ್ಕು ದಿನದ ಮೇಲೆ ಮೊದಲ ಸಲ ಭುಜಂಗಣ್ಣನ ಮುಖ ನೋಡಿ, "ತಲಿ ಒರಸ್ಕೋ ಯಣ್ಣಾ, ಥಂಡಿ ಆದೀತು," ಎಂದಳು.

ಜನ ಚದುರಿದ ಮೇಲೆ ಭುಜಂಗಣ್ಣ ಜಗಲಿಯಲ್ಲಿ ಕೂತ. ಸುಗಂಧಿ ಚಾ ತಂದು ಇಟ್ಟಳು. ಅವನು ಲೋಟದ ಕಡೆಗೇ ನೋಡುತ್ತ, ಆ ಕಾರ್ಡು ನಿನಗೆ ಎಲ್ಲಿ ಸಿಕ್ಕಿತು ಎಂದು ಕೇಳಿದ.

"ಮೊದಲ ಸಲ ಬಂದಾಗ ನಿಮ್ಮ ಅಂಗಿಯ ಕಿಸೆಯಲ್ಲಿ. ಒಗೆಯುವಾಗ."

"ಹಾಗಾದರೆ ನಿನಗೆ ಅವತ್ತಿನಿಂದ ಗೊತ್ತುಂಟಾ?"

"ಕಾರ್ಡು ನೋಡುವ ಮೊದಲೇ ಗೊತ್ತಿತ್ತು. ಜೀಬ್ರಾ ನೋಡಿಕೊಳ್ಳುವವನ ಅಂಗಿಯಲ್ಲಿ ಒಂದು ಕೂದಲಾದರೂ ಇರಬೇಕಲ್ಲ. ನಿಮ್ಮದರಲ್ಲಿ ಇದ್ದದ್ದು ಡೀಸೆಲಿನ ವಾಸನೆ."

ಭುಜಂಗಣ್ಣ ಚಾ ಎತ್ತಿದ, ಕುಡಿಯದೆ ಇಳಿಸಿದ. ಮತ್ತೆ ಯಾಕೆ ಒಂದು ದಿನವೂ ಹೇಳಲಿಲ್ಲ ಎಂದ.

ಸುಗಂಧಿ ಅವನ ಒದ್ದೆ ಅಂಗಿಯನ್ನು ಹಗ್ಗದ ಮೇಲೆ ಹರವಿ, ತೋಳುಗಳನ್ನು ಎಳೆದು ಸರಿ ಮಾಡಿದಳು.

"ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ಬರ್ತಿದ್ದದ್ದು ನೀವು," ಎಂದಳು. "ಅದರಲ್ಲಿ ನಿಮ್ಮ ಸುಳ್ಳು ಹಿಡಿಯುತ್ತ ಕೂತರೆ ನನಗೆ ಉಳಿಯುತ್ತಿದ್ದದ್ದು ಎಷ್ಟು ದಿನ?"